ಅತ್ತೆಯ ಡೀಸೆಲ್ ಜೀಪು

ನನ್ನ ಹೆಂಡತಿಯ ತಾಯಿ ಮೂವತ್ತು ವರ್ಷದಿಂದ ಗ್ಯಾರೇಜು ನಡೆಸುವವರು. ಅವರ ಹಳೆಯ ಡೀಸೆಲ್ ಜೀಪನ್ನು ಮದುವೆಯಾದಾಗಿನಿಂದ ನಾನು ಆಡಿಕೊಂಡು ನಗುತ್ತಿದ್ದೆ. ಸ್ಟಾರ್ಟ್ ಮಾಡಿದರೆ ಮೂರು ಬೀದಿಗೆ ಕೇಳಿಸುತ್ತಿತ್ತು. ನನ್ನದು ಹೊಸ ಪೆಟ್ರೋಲ್ ಜೀಪು. ರಸ್ತೆ ಇರುವ ತನಕ ಸದ್ದಿಲ್ಲದೆ ಓಡುತ್ತಿತ್ತು.

ಭಾನುವಾರ ಬೆಳಿಗ್ಗೆ ಅತ್ತೆ, ನಾನು ನಮ್ಮ ನಮ್ಮ ಜೀಪಿನಲ್ಲಿ ಕಲ್ಲುಗಣಿಯ ಹಿಂದಿನ ಗುಡ್ಡ ಹತ್ತಲು ಹೊರಟೆವು. ನಾನೇ ಮುಂದೆ. ಅರ್ಧ ಏರಿನಲ್ಲಿ ಸಡಿಲ ಜಲ್ಲಿ ಸಿಕ್ಕಿತು. ಎಂಜಿನ್ ಏದುಸಿರು ಬಿಟ್ಟಿತೆಂದು ಆಕ್ಸಿಲರೇಟರ್ ಜೋರಾಗಿ ಒತ್ತಿದೆ. ಚಕ್ರಗಳು ನಿಂತಲ್ಲೇ ಗಿರಗಿರ ತಿರುಗಿ ಅರ್ಧಕ್ಕರ್ಧ ಹೂತುಕೊಂಡವು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನೋಣವೆಂದರೆ ನನಗೆ ಮೀಸೆಯೂ ಇಲ್ಲ.

ಅತ್ತೆ ಪಕ್ಕದಲ್ಲೇ ಬಂದರು. ಜೀಪು ಮೊದಲನೇ ಗೇರಿನಲ್ಲಿತ್ತು, ಅವರ ಎರಡೂ ಕಾಲು ಪೆಡಲುಗಳಿಂದ ದೂರವಿದ್ದವು. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಕಚ್ಚಿದ ಸೇಬು. ಜೀಪು ಗುಡುಗುಡು ಎನ್ನುತ್ತಾ ತಾನಾಗಿಯೇ ಏರುತ್ತಿತ್ತು.

"ಕಾಲು ತೆಗೆದ್ರೆ ಆಫ್ ಆಗಲ್ವಾ ಅತ್ತೆ?" ಎಂದೆ.

"ಅಳಿಯಂದ್ರೇ, ನಿಮ್ಮ ಎಂಜಿನ್‌ಗೆ ಜೋರಾಗಿ ತಿರುಗಿದ್ರೇನೇ ಬಲ ಬರೋದು. ಡೀಸೆಲ್‌ಗೆ ನಿಧಾನದಲ್ಲೇ ಬಲ. ನಿಧಾನವಾಗಿ ತಿರುಗೋ ಚಕ್ರ ಅಷ್ಟು ಸುಲಭಕ್ಕೆ ಜಾರಲ್ಲ."

ಸ್ವಲ್ಪ ಮೇಲೆ ಹೋಗಿ ನಿಂತು ಹಗ್ಗ ಎಸೆದರು. ಬಾವಿಯಿಂದ ಕೊಡ ಸೇದಿದಂತೆ ನನ್ನನ್ನು ಎಳೆದುಕೊಂಡರು.

ಗುಡ್ಡದ ತುದಿಯಲ್ಲಿ ಅವರು ಕೊಟ್ಟ ಇನ್ನೊಂದು ಸೇಬು ತಿನ್ನುತ್ತಾ ಮೆಲ್ಲಗೆ ಕೇಳಿದೆ: "ಅತ್ತೆ, ಈ ಜೀಪು ಯಾವತ್ತಾದ್ರೂ ಕೊಡೋದಿದ್ರೆ ನಂಗೇ ಕೊಡ್ತೀರಾ?"

ಅತ್ತೆ ಬಾನೆಟ್ಟಿನ ಮೇಲಿನ ಧೂಳು ಸೆರಗಿನಿಂದ ಒರೆಸಿದರು.

"ಮಗಳನ್ನ ಕೊಟ್ಟಾಯ್ತಲ್ಲ ಅಳಿಯಂದ್ರೇ. ಆಸೆಗೂ ಒಂದು ಮಿತಿ ಇರ್ಬೇಕು."