ಬೀಗ ಹಾಕಿದ ಮನೆಯ ನಲ್ಲಿ

ನೀರು ಸರಬರಾಜು ಕಚೇರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಹಾಜರಿ ಪುಸ್ತಕದಿಂದ ಹೊರಗೆ ಬಂದರೆ ಅವನು ಬರೀ ‘ಡೈಲಾಗ್’. ಪಂಪಿನ ಮೋಟಾರು ಸುಟ್ಟರೂ ಡೈಲಾಗು, ಟೀ ತಣ್ಣಗಾದರೂ ಡೈಲಾಗು. ಒಂದು ಬೋಲ್ಟು ಬಿಗಿಯುವ ಮುಂಚೆ ಕೂಡ ಎರಡು ಹೆಜ್ಜೆ ಹಿಂದೆ ಸರಿದು, ಕಾಲರ್ ಎತ್ತಿ, “ಈ ಕೈ ಬಿಗಿದದ್ದನ್ನ ಬಿಚ್ಚೋನು ಇನ್ನೂ ಹುಟ್ಟಿಲ್ಲ” ಎಂದು ಹೇಳಿಯೇ ಬಿಗಿಯುವವನು. ಬಿಗಿದದ್ದು ಮಾರನೇ ದಿನ ತಾನಾಗಿಯೇ ಬಿಚ್ಚಿಕೊಂಡರೆ ಅದು ಬೇರೆ ವಿಷಯ.

ಅವನನ್ನು ಆ ಕೆಲಸಕ್ಕೆ ಸೇರಿಸಿದವನು ಸೋದರಮಾವ, ಅಮ್ಮನ ಅಣ್ಣ. ಮಾವನ ಕೆಲಸ ಕೇಳುವುದು. ಅಷ್ಟೇ. ನಾಲ್ಕಡಿ ಉದ್ದದ ಕಬ್ಬಿಣದ ಸರಳು, ಅದರ ತುದಿಯಲ್ಲಿ ಮರದ ಬಟ್ಟಲು. ಸರಳನ್ನು ರಸ್ತೆಗೆ ಊರಿ, ಬಟ್ಟಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತರೆ ನೆಲದ ಆರಡಿ ಕೆಳಗೆ ಪೈಪು ಎಲ್ಲಿ ಸೋರುತ್ತಿದೆ ಎಂದು ಮಾವನಿಗೆ ತಿಳಿಯುತ್ತಿತ್ತು. ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಗುರುತು. ಅಗೆದರೆ ಅಲ್ಲೇ ತೂತು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಗುರುತೂ ಸುಳ್ಳಾಗಿರಲಿಲ್ಲ. ಕಚೇರಿಯವರು ಅವನನ್ನು ‘ಕಿವಿ ಮೇಸ್ತ್ರಿ’ ಎನ್ನುತ್ತಿದ್ದರು. ಅತ್ತೆಯದು ಮಾತ್ರ ಬೇರೆಯೇ ದೂರು: “ನೆಲದೊಳಗಿನ ಹನಿ ಕೇಳ್ಸುತ್ತೆ ಇವರಿಗೆ. ಪಕ್ಕದಲ್ಲಿ ನಿಂತು ಸೋಪು ತನ್ನಿ ಅಂದ್ರೆ ಕೇಳ್ಸಲ್ಲ.”

ಆ ವರ್ಷ ಬಿಸಿಲು ಊರಿನ ಮೇಲೆ ಹಗೆ ಸಾಧಿಸುತ್ತಿತ್ತು. ಬೆಳಗ್ಗೆ ಎಂಟಕ್ಕೇ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಗುಡ್ಡದ ಮೇಲಿನ ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿದು, ಬೀದಿಗೊಂದು ಸರದಿ ಎಂದಾಗಿ, ನಾಲ್ಕು ದಿನಕ್ಕೊಮ್ಮೆ ಎರಡು ಗಂಟೆ ನೀರು. ಇಂಜಿನಿಯರ್ ಮೇಡಂ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದರು: “ಹೊಸ ನೀರು ನಾನು ಎಲ್ಲಿಂದಲೂ ತರೋಕಾಗಲ್ಲ. ಇರೋದು ಸೋರದ ಹಾಗೆ ನೋಡ್ಕೊಳ್ಳೋಣ. ಮೇಸ್ತ್ರಿ ಗುರುತು ಹಾಕಿದ ತಕ್ಷಣ ಅಗೀಬೇಕು. ಕಾಯೋದು ಬೇಡ, ನನ್ನ ಕೇಳೋದೂ ಬೇಡ.”

ಕೇಳುವ ಕೆಲಸಕ್ಕೆ ಒಂದು ಕ್ರಮವಿತ್ತು. ಸರದಿಯ ದಿನ ಬೆಳಕು ಹರಿಯುವ ಹೊತ್ತಿಗೆ, ಗಾಡಿ ಓಡಾಟ ಶುರುವಾಗುವ ಮೊದಲು, ಬೀದಿಯ ಪೈಪಿಗೆ ನೀರು ತುಂಬುವುದು. ಆಮೇಲೆ ಪ್ರತಿ ಮನೆಯ ಮೀಟರಿನ ಪಕ್ಕದ ವಾಲ್ವು ಮುಚ್ಚುವುದು. ಯಾರ ಮನೆಗೂ ನೀರು ಹೋಗದಿದ್ದಾಗಲೂ ಪೈಪು ಸದ್ದು ಮಾಡಿದರೆ ಅದು ಸೋರಿಕೆ. ಮನೆಮನೆಯ ವಾಲ್ವು ಮುಚ್ಚಿಬರುವುದು ಡೈಲಾಗಿನ ಪಾಲು. ಮುಗಿಸಿ ಬೀದಿಯ ತುದಿಯಿಂದ “ಎಲ್ಲಾ ಬಂದ್” ಎಂದು ಕೂಗಿದರೆ ಮಾವ ಸರಳು ಊರುತ್ತಿದ್ದ. ತಿರುಗಿ ಒಂದು ವಾಲ್ವನ್ನೂ ಮುಟ್ಟಿ ನೋಡಿದವನಲ್ಲ. ಅವನ ಮಂಡಿ ನೋವಿಗೆ ಅಷ್ಟು ಮೀಟರು ಗುಂಡಿಗಳಿಗೆ ಬಗ್ಗುವುದೂ ಆಗುತ್ತಿರಲಿಲ್ಲ.

ಡೈಲಾಗು ಊರಿನವರ ಕಿವಿಗೆಲ್ಲ ಹೂವಿಟ್ಟವನು. ಗುಮಾಸ್ತನಿಗೆ ಮಂತ್ರಿಯ ದನಿಯಲ್ಲಿ ಫೋನು ಮಾಡಿದ್ದ. ಜೆಸಿಬಿ ಡ್ರೈವರಿಗೆ ಅವನ ಹೆಂಡತಿಯ ದನಿಯಲ್ಲೇ ಬೈದಿದ್ದ. ಮಾವನ ಕಿವಿಯೊಂದೇ ಬಾಕಿ ಉಳಿದಿತ್ತು, ಅದಕ್ಕೇ ಅದರ ಮೇಲೆ ಆಸೆ ಜಾಸ್ತಿ. ಒಂದು ಬೆಳಗ್ಗೆ, ಬೀಗ ಹಾಕಿದ್ದ ಒಂದು ಮನೆಯ ಮುಂದೆ ಬಂದಾಗ ತಲೆಯೊಳಗಿನ ಮಂಗ ಎದ್ದು ಕುಳಿತಿತು. ಆ ಮನೆಯ ವಾಲ್ವನ್ನು ಕಾಲುಭಾಗ ತೆರೆದೇ ಬಿಟ್ಟ. ಕಾಂಪೌಂಡು ಹಾರಿ, ಹಿತ್ತಲಿನ ನಲ್ಲಿಯನ್ನು ಒಂದು ಎಳೆಯಷ್ಟು ತಿರುಗಿಸಿ, ಮತ್ತೆ ಹಾರಿ ಬಂದ.

“ಎಲ್ಲಾ ಬಂದ್.”

ಮಾವ ಸರಳು ಊರುತ್ತಾ ಬಂದ. ಬೀಗದ ಮನೆಯ ಮುಂದೆ ನಿಂತ. ಕಣ್ಣು ಮುಚ್ಚಿದ. ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಹಿಂದೆ ಬಂದ.

“ಎಲ್ಲಾ ಬಂದ್ ತಾನೆ?”

“ಎಲ್ಲಾ ಬಂದ್ ಮಾವ.”

ಮಾವ ಬಗ್ಗಿ ರಸ್ತೆಯ ಮೇಲೆ ಗುರುತು ಹಾಕಿದ. ಡೈಲಾಗಿನ ಲೆಕ್ಕದ ಪ್ರಕಾರ ಸೀನು ಮುಂದೆ ಹೀಗಿತ್ತು: ಟೀ ಬರುತ್ತದೆ, ಎಲ್ಲರೂ ಸುತ್ತ ನಿಂತಿರುತ್ತಾರೆ, ಅವನು ಗೋಡೆಯ ಮೇಲೆ ಹತ್ತಿ, “ಕಿವಿಗೊಬ್ಬ ರಾಜ, ಅವನಿಗೊಬ್ಬ ಅಳಿಯ” ಎಂದು ನಲ್ಲಿ ನಿಲ್ಲಿಸುತ್ತಾನೆ, ಮಾವ ಚಪ್ಪಲಿ ಎಸೆಯುತ್ತಾನೆ, ನಗು. ಆದರೆ ಟೀಗಿಂತ ಮುಂಚೆ ಮೇಡಂ ಜೀಪು ಬಂತು. ಅದರ ಬೆನ್ನಿಗೇ ಜೆಸಿಬಿ. ಮೇಡಂ ಗುರುತು ನೋಡಿದರು, “ಲೈನ್ ಮುಚ್ಚಿ, ಅಗೀರಿ” ಎಂದರು.

ಆಗಲೇ ಹೇಳಬಹುದಿತ್ತು. ಒಂದಡಿ ಅಗೆಯಲಿ, ಹೇಳೋಣ ಎಂದುಕೊಂಡ. ಒಂದಡಿ ಆಯಿತು. ಡಾಂಬರು ಕಿತ್ತುಬಂದ ಮೇಲೆ ತಮಾಷೆ ಅಂದರೆ ಮೇಡಂ ಕೆಲಸ ಬಿಡಿಸಿ ಮನೆಗೆ ಕಳಿಸುತ್ತಾರೆ ಅನ್ನಿಸಿತು. ಮೂರಡಿ ಆಯಿತು. ದಿನವಿಡೀ ವಟಗುಟ್ಟುವ ಬಾಯಿ ಅವತ್ತು ಹೊಲಿದ ಹಾಗಿತ್ತು. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಆರಡಿಯಲ್ಲಿ ಪೈಪು ಕಂಡಿತು. ಸುತ್ತ ಒಣ ಮಣ್ಣು, ಜೆಸಿಬಿಯ ಬಕೆಟ್ಟಿನಿಂದ ಧೂಳು ಹಾರುವಷ್ಟು ಒಣ.

ಅಷ್ಟರಲ್ಲಿ ಬೀದಿಯವರೆಲ್ಲ ಬಿಂದಿಗೆ ಹಿಡಿದು ಸುತ್ತ ನಿಂತಿದ್ದರು. ಲೈನು ಮುಚ್ಚಿದ್ದರಿಂದ ಅವರ ಸರದಿಯ ಹೊತ್ತು ಕೈಬಿಟ್ಟು ಹೋಗುತ್ತಿತ್ತು.

“ನಾಲ್ಕು ದಿನ ಕಾದಿದ್ದು ಈ ಗುಂಡಿ ನೋಡೋಕಾ?” ಸೊಂಟದ ಮೇಲೆ ಖಾಲಿ ಕೊಡ ಇಟ್ಟುಕೊಂಡ ಒಬ್ಬ ಹೆಂಗಸು ಕೇಳಿದಳು. “ಮಗು ಮೈ ತೊಳೆದು ಎಷ್ಟು ದಿನ ಆಯ್ತು ಗೊತ್ತಾ ನಿಮಗೆ?”

“ಇನ್ನೊಂದು ಸಲ ಕೇಳ್ತೀನಿ ಮೇಡಂ,” ಮಾವ ಹೇಳಿದ. “ಲೈನ್ ಬಿಡಿ.”

ಲೈನು ಬಿಡುವವರು ಬೀದಿಯ ತುದಿಗೆ ಹೋದರು. ಆ ಗದ್ದಲದಲ್ಲಿ ಡೈಲಾಗು ಕಾಂಪೌಂಡು ಹಾರಿದ, ನಲ್ಲಿ ನಿಲ್ಲಿಸಿದ, ಹೊರಬಂದು ಕಾಲಿನಿಂದಲೇ ವಾಲ್ವು ಪೂರ್ತಿ ತಿರುಗಿಸಿದ. ಅವನು ಮಾಡಿದ್ದರಲ್ಲೆಲ್ಲ ಕೆಟ್ಟದ್ದು ಇದೇ. ಹೆದರಿಕೆಯಲ್ಲಿ ಮಾಡಿದ್ದು, ಆದರೂ ಕೆಟ್ಟದ್ದೇ.

ಪೈಪು ತುಂಬಿತು. ಮಾವ ಗುಂಡಿಗಿಳಿದು ಪೈಪಿಗೇ ಸರಳು ಹಚ್ಚಿ ಕೇಳಿದ. ಬಹಳ ಹೊತ್ತು ಕೇಳಿದ. ಇನ್ನೊಂದು ಕಿವಿಯಲ್ಲಿ ಕೇಳಿದ. ಒಂದು ಗಂಟೆ ಹಿಂದೆ ಸ್ಪಷ್ಟವಾಗಿ ಇದ್ದ ಸದ್ದು ಎಲ್ಲೂ ಇರಲಿಲ್ಲ.

“ಇತ್ತು ಮೇಡಂ,” ಎಂದ. ಮತ್ತೆ, ತನಗೇ ಎಂಬಂತೆ, “ಇತ್ತು.”

ಮೇಡಂ ಬೈಯಲಿಲ್ಲ. “ಆಗುತ್ತೆ ಮೇಸ್ತ್ರಿ, ವಯಸ್ಸು,” ಎಂದು ಜೀಪು ಹತ್ತಿದರು. ಬೈದಿದ್ದರೇ ವಾಸಿಯಿತ್ತು.

ಅತ್ತೆ ಮಾವನನ್ನು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡೈಲಾಗೂ ಜೊತೆಗೆ ಹೋದ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಮಾವನನ್ನು ಕೂರಿಸಿ, ತಲೆಗೆ ಹೆಡ್‌ಫೋನು ಹಾಕಿ, ಕೀಂ ಎಂಬ ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತು ಎಂದರು. ಡಾಕ್ಟರು ಚೀಟಿ ನೋಡಿ, “ಇಪ್ಪತ್ತರ ಹುಡುಗನ ಕಿವಿ ರೀ ಇದು” ಎಂದರು. ಅತ್ತೆಯ ಮುಖ ಅರಳಿತು. ಮಾವನದು ಇನ್ನಷ್ಟು ಬಾಡಿತು.

“ಕಿವಿ ಕೆಟ್ಟಿದೆ ಅಂದಿದ್ರೆ ಸಮಾಧಾನ ಇತ್ತು ಕಣೆ,” ಮೆಟ್ಟಿಲಿಳಿಯುತ್ತಾ ಹೇಳಿದ. “ಕಿವಿ ಸರಿಯಿದೆ ಅಂದ್ರೆ ಇಲ್ಲದ್ದು ಕೇಳಿಸ್ತಿದೆ ಅಂತಾಯ್ತು. ಅದಕ್ಕೆ ಯಾವ ಡಾಕ್ಟರು?”

“ಏನಾದ್ರೂ ಹೇಳಿ ನಗಿಸೋ ಅವರನ್ನ,” ಅತ್ತೆ ಡೈಲಾಗಿನ ತೋಳು ಹಿಂಡಿ ಪಿಸುಗುಟ್ಟಿದಳು. “ಬೇಡ ಬೇಡ ಅಂದ್ರೂ ಮಾತಾಡ್ತೀಯ, ಈಗ ಏನು ಬಂತು ನಿಂಗೆ?”

ಹತ್ತು ದಿನ ಕಳೆಯಿತು. ಗುಡ್ಡದ ಟ್ಯಾಂಕಿನ ನೀರು ಯಾರಿಗೂ ಬಿಡದ ಹೊತ್ತಿನಲ್ಲೂ ಇಳಿಯತೊಡಗಿತು. ಟ್ಯಾಂಕಿನಿಂದ ಊರಿಗೆ ಬರುವ ದೊಡ್ಡ ಪೈಪು ಎಲ್ಲೋ ಒಡೆದಿದೆ ಎಂದು ಎಲ್ಲರಿಗೂ ಗೊತ್ತಾಯಿತು; ಎಲ್ಲಿ ಎಂಬುದಷ್ಟೇ ಗೊತ್ತಿರಲಿಲ್ಲ. ಮಾವನನ್ನು ಗುಡ್ಡದ ರಸ್ತೆಗೆ ಕರೆದುಕೊಂಡು ಹೋದರು. ಅಲ್ಲಿ ಮನೆಗಳಿಲ್ಲ, ಮುಚ್ಚಲು ವಾಲ್ವುಗಳಿಲ್ಲ. ಡೈಲಾಗು ಸುಮ್ಮನೆ ಹಿಂದೆ ನಡೆದ.

ತಿರುವಿನ ಹತ್ತಿರ, ಒಂದು ಮೈಲಿಗಲ್ಲಿನ ಪಕ್ಕ ಮಾವ ನಿಂತ. ಕಣ್ಣು ಮುಚ್ಚಿದ. ಅವನ ಮುಖದಲ್ಲಿ ಹಳೆಯ ಬೆಳಕು ಒಂದು ಕ್ಷಣ ಹಾದುಹೋದದ್ದನ್ನು ಡೈಲಾಗು ಕಂಡ. ಬಗ್ಗಿ ಗುರುತು ಹಾಕಿದ. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಚಪ್ಪಲಿಯಲ್ಲಿ ಅದನ್ನು ಅಳಿಸಿಬಿಟ್ಟ.

“ಗೊತ್ತಾಗ್ತಿಲ್ಲ ಮೇಡಂ,” ಎಂದು ಕೂಗಿ ಹೇಳಿದ. “ಸೋರಿಕೆ ಹುಡುಕೋ ಮಿಷಿನ್‌ನೋರನ್ನೇ ಕರೆಸಿ.”

ಮೇಡಂ ಫೋನು ಮಾಡುತ್ತಾ ಅತ್ತ ಹೋದಾಗ ಡೈಲಾಗು ಮಾವನ ಮುಂದೆ ನಿಂತ. ಕಾಲರ್ ಎತ್ತಲಿಲ್ಲ.

“ಮಾವ, ಆವತ್ತು ಆ ಬೀಗದ ಮನೆ ನಲ್ಲಿ ನಾನೇ ಬಿಟ್ಟಿದ್ದೆ. ವಾಲ್ವೂ ಮುಚ್ಚಿರಲಿಲ್ಲ. ತಮಾಷೆಗೆ ಮಾಡ್ದೆ. ನೀನು ಕೇಳಿಸ್ಕೊಂಡಿದ್ದು ನಿಜವಾದ ಸದ್ದು. ಆಮೇಲೆ ನಾನೇ ಹೋಗಿ ನಿಲ್ಲಿಸ್ದೆ.”

ಮಾವ ಅವನನ್ನು ನೋಡಿ ನಕ್ಕ. ಎಷ್ಟೋ ದಿನದ ಮೇಲೆ ನಕ್ಕ.

“ನಿಮ್ಮತ್ತೆ ಹೇಳಿಕೊಟ್ಟಳಾ?”

“ಇಲ್ಲ ಮಾವ. ಆಣೆ.”

“ಚೆನ್ನಾಗಿದೆ ಡೈಲಾಗು. ಅಳೋದೊಂದು ಬಾಕಿ.” ಮಾವ ಅವನ ಹೆಗಲಿಗೆ ಕೈ ಹಾಕಿದ. “ನೋಡೋ, ನೀನು ಊರಿಗೆಲ್ಲ ಆಟ ಆಡಿಸ್ತೀಯ, ನಂಗೆ ಗೊತ್ತಿಲ್ವಾ? ಆದ್ರೆ ಕೆಲಸದಲ್ಲಿ ಆಡೋನಲ್ಲ ನೀನು. ನೀನು ಬಂದ್ ಅಂದ್ರೆ ಬಂದ್. ಅಷ್ಟು ಗೊತ್ತಿದ್ದೇ ನಿನ್ನ ಇಲ್ಲಿಗೆ ಸೇರಿಸಿದ್ದು. ಕೆಟ್ಟಿರೋದು ನನ್ನ ತಲೆ. ಅದನ್ನ ನಿನ್ನ ತಲೆ ಮೇಲೆ ಹಾಕ್ಕೋಬೇಡ.”

ಡೈಲಾಗಿಗೆ ಅಲ್ಲೇ ನೆಲ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಮೇಡಂ ಹತ್ತಿರ ಓಡಿದ. ಮಾವ ಆ ಮೈಲಿಗಲ್ಲಿನ ಹತ್ತಿರ ಗುರುತು ಹಾಕಿ ಅಳಿಸಿದ, ಅಲ್ಲೇ ಅಗೆಸಿ ಎಂದ.

“ಅಳಿಸಿದ್ದೂ ಅವರೇ ಅಲ್ವಾ? ಅವರೇ ನಂಬದ ಗುರುತನ್ನ ನಾನು ಹ್ಯಾಗೆ ನಂಬಲಿ? ನಿನ್ನ ಹತ್ರ ಬೇರೆ ಏನಾದ್ರೂ ಕಾರಣ ಇದೆಯಾ?”

ಇತ್ತು. ಬಾಯಿ ತೆರೆದ. ಮಾವನಿಗೆ ಹೇಳಿದಷ್ಟು ಸುಲಭವಾಗಿ ಮೇಡಂಗೆ ಅದು ಬರಲಿಲ್ಲ. ಕೆಲಸ ಹೋಗುತ್ತದೆ ಎಂಬುದೊಂದೇ ತಲೆಯಲ್ಲಿ ಸುತ್ತಿತು. “ಇಲ್ಲ ಮೇಡಂ,” ಎಂದ.

ಮಿಷಿನ್ನಿನವರು ಬಂದರು. ಚೆಂದದ ಸೂಟ್‌ಕೇಸು, ಪರದೆ, ವೈರು. ಗುಡ್ಡದ ಬುಡದಲ್ಲಿ ಒಂದು ಕಡೆ, ನಡುವೆ ಒಂದು ಕಡೆ ಅಗೆಸಿದರು, ಎರಡೂ ಒಣಗುಂಡಿ. ನಾಲ್ಕು ದಿನದ ಸರದಿ ಆರು ದಿನವಾಯಿತು. ಆಸ್ಪತ್ರೆಗೆ ಟ್ಯಾಂಕರು, ಶಾಲೆಗಳಿಗೆ ರಜೆ. ಮಾವ ಗುಡ್ಡಕ್ಕೆ ಹೋಗಿಬಂದ ಆರನೇ ದಿನ ಮಧ್ಯಾಹ್ನ ಮೈಲಿಗಲ್ಲಿನ ಹತ್ತಿರ ರಸ್ತೆ ಕುಸಿದು, ಮೈಲಿಗಲ್ಲೇ ಒಳಗೆ ಹೋಯಿತು. ಮಾವ ಗುರುತು ಅಳಿಸಿದ ಜಾಗಕ್ಕೂ ಆ ಹೊಂಡದ ಬಾಯಿಗೂ ಎರಡು ಗೇಣು ದೂರವಿರಲಿಲ್ಲ. ಆರು ದಿನ ನೆಲದಡಿ ಹರಿದು ಹೋದ ನೀರು ಅರ್ಧ ಊರಿನ ಪಾಲು ಎಂದು ಮೇಡಂ ಆಮೇಲೆ ಹೇಳಿದರು.

ಡೈಲಾಗು ಮಾವನ ಮನೆಗೆ ಓಡಿಬಂದ. “ಮಾವ, ನಿನ್ನ ಗುರುತು ಸರಿಯಿತ್ತು. ಅಲ್ಲೇ ಒಡೆದಿದೆ.”

ಮಾವ ಜಗಲಿಯ ಮೇಲೆ ಕೂತಿದ್ದ. ಹಿಗ್ಗಲಿಲ್ಲ. “ನೀರು ಹೊರಗೆ ಬಂದ ಮೇಲೆ ಎಲ್ಲರಿಗೂ ಕೇಳ್ಸುತ್ತೆ ಬಿಡು,” ಎಂದ. ಅವನ ಮುಖದಲ್ಲಿ ಏನೋ ನಿಧಾನವಾಗಿ ಒಂದಕ್ಕೊಂದು ಕೂಡುತ್ತಿತ್ತು. “ಅಂದ್ರೆ ನನ್ನ ಕಿವಿ ಸರಿಯಿದೆ.”

“ಸರಿಯಿದೆ ಮಾವ.”

“ಹಾಗಾದ್ರೆ ಆವತ್ತೂ ಸರಿಯಿತ್ತು.”

ಡೈಲಾಗು ಒಂದು ಮೆಟ್ಟಿಲು ಕೆಳಗಿಳಿದು ನಿಂತ.

“ನೀನು ಗುಡ್ಡದ ಹತ್ರ ಹೇಳಿದ್ದು ನಿಜವೇನೋ?”

“ಹೂಂ.”

ಮಾವ ಕೈ ಎತ್ತಿದರೆ ಕೆನ್ನೆ ಕೊಡಲು ಸಿದ್ಧನಾಗಿ ನಿಂತಿದ್ದ. ಮಾವ ಕೈ ಎತ್ತಲಿಲ್ಲ. “ಊಟ ಮಾಡ್ಕೊಂಡು ಹೋಗು,” ಎಂದು ಒಳಗೆದ್ದು ಹೋದ.

ಮಾರನೇ ದಿನ ಡೈಲಾಗು ಮೇಡಂಗೂ ಎಲ್ಲ ಹೇಳಿದ. ಅವರು “ಮೇಸ್ತ್ರಿ ಏನಂತಾರೋ ಹಾಗೆ” ಎಂದರು. ಮಾವ, “ಇರ್ಲಿ ಮೇಡಂ, ಹುಡುಗ” ಎಂದ. ಆ ಹುಡುಗನಿಗೆ ಇಪ್ಪತ್ತಾರು ತುಂಬಿತ್ತು.

ಮಾವ ಮತ್ತೆ ಸರಳು ಹಿಡಿದ. ಮೊದಲ ದಿನ ಒಂದು ಉದ್ದನೆಯ ಬೀದಿ. ಡೈಲಾಗು ಒಂದೊಂದೇ ವಾಲ್ವನ್ನು ಕೈ ಉರಿಯುವಷ್ಟು ಬಿಗಿದ, ಒಂದೊಂದನ್ನೂ ಎರಡೆರಡು ಸಲ ನೋಡಿದ. ತುದಿಗೆ ಹೋಗಿ ಕೂಗಿದ.

ಮಾವ ಸರಳನ್ನು ಊರಲಿಲ್ಲ. ಅದನ್ನು ಗೋಡೆಗೆ ಒರಗಿಸಿ, ಮೊದಲನೇ ಮನೆಯ ಗೇಟಿನ ಹತ್ತಿರ ಬಂದು, ಮಂಡಿ ಹಿಡಿದುಕೊಂಡು ಬಗ್ಗಿ, ವಾಲ್ವು ತಿರುಗಿಸಿ ನೋಡಿದ. ಎದ್ದ. ಎರಡನೇ ಮನೆಗೆ ಹೋದ.

“ನಾನು ನೋಡಿದೀನಿ ಮಾವ. ನೀನು ಬಗ್ಗಬೇಡ.”

“ಗೊತ್ತು ಕಣೋ. ಸುಮ್ನೆ, ಕಾಲು ಆಡ್ಲಿ ಅಂತ.”

ದನಿಯಲ್ಲಿ ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಡೈಲಾಗು ಅವನ ಹಿಂದೆಯೇ ನಡೆದ. ಪ್ರತಿ ಗೇಟಿನ ಮುಂದೆ ಏಳುವಾಗ ಹಿಡಿದುಕೊಳ್ಳಲಿ ಎಂದು ಕೈ ಚಾಚಿದ. ಕೆಲವು ಸಲ ಮಾವ ಅದನ್ನು ಹಿಡಿದ, ಕೆಲವು ಸಲ ಗೇಟಿನ ಕಂಬಿ ಹಿಡಿದ. ಬೀದಿ ಮುಗಿಯುವ ಹೊತ್ತಿಗೆ ಬಿಸಿಲು ಏರಿ, ಗಾಡಿಗಳ ಸದ್ದು ಶುರುವಾಗಿ, ಅವತ್ತು ಕೇಳುವ ಕೆಲಸ ಆಗಲಿಲ್ಲ.