ಉಚ್ಚೆಗೆ ಹೊಂದುವ ದಾರ

ಹೊಲಿಗೆ ಕಾರ್ಖಾನೆಯಲ್ಲಿ ಹೆಂಗಸರ ಕಕ್ಕಸಿಗೆ ಬೀಗ ಹಾಕಿದರು. ಊಟದ ಹೊತ್ತಿಗೆ ಒಮ್ಮೆ ತೆಗೆಯುತ್ತಾರೆ. ಬೀಗದ ಕೈ ಸೂಪರ್‌ವೈಸರನ ಜೇಬಿನಲ್ಲಿರುತ್ತದೆ.

ಗಂಡಸರ ಕಕ್ಕಸಿಗೆ ಬಾಗಿಲೇ ಇರಲಿಲ್ಲವಾದ್ದರಿಂದ ಅದು ಬಚಾವಾಯಿತು.

ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಮೂಲೆಯ ನೀರಿನ ಡ್ರಮ್ಮು ಬೆಳಗ್ಗೆ ತುಂಬಿದ್ದು ಸಂಜೆಗೂ ತುಂಬಿಯೇ ಇರುತ್ತಿತ್ತು. ಉಳಿತಾಯವೆಂದರೆ ಹೀಗಿರಬೇಕು ಎಂದು ಸೂಪರ್‌ವೈಸರ್ ಮ್ಯಾನೇಜರನ ಮುಂದೆ ಕೊಚ್ಚಿಕೊಂಡನಂತೆ.

ಕಾಲರ್ ಹೊಲಿಯುವವಳನ್ನು ಎಲ್ಲರೂ ಕಾಲರಕ್ಕ ಎನ್ನುತ್ತಿದ್ದರು. ಅವಳಿಗೆ ಉರಿ ಶುರುವಾಯಿತು. ಮೊದಲು ಉಚ್ಚೆ ಹೊಯ್ಯುವಾಗ, ಆಮೇಲೆ ಹೊಯ್ಯದಿದ್ದಾಗಲೂ. ಪಕ್ಕದ ಮೆಷಿನ್ನಿನಲ್ಲಿ ಗುಂಡಿ ಹಚ್ಚುವ ನಾದಿನಿ ಸುಮ್ಮನಿದ್ದಾಳೆಯೇ? "ಅತ್ತಿಗೆ, ಕೂತಲ್ಲೇ ಕುಣೀತಿದೀಯಲ್ಲ, ಕಾಲರೂ ನಿನ್ನ ಜತೆ ಕುಣೀತಿದೆ ನೋಡು" ಎಂದು ಚುಚ್ಚಿದಳು. ವಾರ ಕಳೆಯುವುದರೊಳಗೆ ಅವಳ ಗುಂಡಿಗಳೂ ಕುಣಿಯತೊಡಗಿದವು.

ತಿಂಗಳಿಗೊಮ್ಮೆ ಬರುವ ಡಾಕ್ಟರಮ್ಮ ಬಂದರು. ಇಸ್ತ್ರಿ ಮೇಜೇ ಅವರ ಆಸ್ಪತ್ರೆ. ಕಾಲರಕ್ಕನ ಸಂಕಟವೆಲ್ಲ ಕೇಳಿ, ಉಚ್ಚೆ ಯಾವ ಬಣ್ಣಕ್ಕಿದೆ ಎಂದರು. ಹಳದಿ ಎಂದುಬಿಡಬಹುದಿತ್ತು. ಆದರೆ ಹಳದಿ ಬಟ್ಟೆಗೆ ಬೇರೆ ಹಳದಿಯ ದಾರ ಹಾಕಿ ಜನ್ಮಕ್ಕಾಗುವಷ್ಟು ಬೈಸಿಕೊಂಡವಳು ಅವಳು. ಕಪಾಟಿನಿಂದ ಒಂದು ದಾರದ ಉಂಡೆ ತಂದು ಕಿಟಕಿಯ ಬೆಳಕಿಗೆ ಹಿಡಿದಳು. ಒಪ್ಪಿಗೆಯಾಗಲಿಲ್ಲ. ಅದನ್ನಿಟ್ಟು ಶಾಲೆ ಚಡ್ಡಿಗೆ ಹಾಕುವ ಖಾಕಿ ದಾರ ತಂದಳು.

"ಇದು ಸರಿಯಾಗಿ ಮ್ಯಾಚ್ ಆಗುತ್ತೆ ಮೇಡಂ. ಅದು ಸ್ವಲ್ಪ ಕದಡಿರುತ್ತೆ, ಅಂಥದ್ದು ದಾರದಲ್ಲಿ ಸಿಗಲ್ಲ."

ಡಾಕ್ಟರಮ್ಮ ನಕ್ಕರು. ನಗು ನಿಂತ ಮೇಲೆ ಇಡೀ ಸಾಲನ್ನು ಕರೆದು ಅವರವರ ಬಣ್ಣ ಕೇಳಿದರು. ಮೇಜಿನ ಮೇಲೆ ಸಾಸಿವೆ ಬಣ್ಣ, ಖಾಕಿ, ಚರ್ಮದ ಬಣ್ಣದ ಉಂಡೆಗಳು ಬಂದು ಕೂತವು. ದಾರ ಯಾರಪ್ಪನ ಮನೆಯದು ಎಂದು ಹಾರಾಡುತ್ತ ಬಂದ ಸೂಪರ್‌ವೈಸರನನ್ನೂ ಡಾಕ್ಟರಮ್ಮ ಬಿಡಲಿಲ್ಲ. ಅವನು ಎದೆಯುಬ್ಬಿಸಿ ತಿಳಿನಿಂಬೆ ಬಣ್ಣದ್ದನ್ನು ಎತ್ತಿ ತೋರಿಸಿದ. ರಾಜಯೋಗ ಎಂದಳು ನಾದಿನಿ.

ಅದೇ ಸರಿಯಾದ ಬಣ್ಣ ಎಂದರು ಡಾಕ್ಟರಮ್ಮ. ನೀರು ಕಡಿಮೆಯಾದರೆ ಬಣ್ಣ ಏರುತ್ತದೆ. ಉಚ್ಚೆ ಕಟ್ಟಿಕೊಂಡು ಕೂತರೆ ರೋಗಾಣುಗಳು ಒಳಗೇ ಬೆಳೆಯುತ್ತವೆ, ಅಲಕ್ಷ್ಯ ಮಾಡಿದರೆ ಮೂತ್ರಪಿಂಡಕ್ಕೇ ಏರಿ ಚಳಿಜ್ವರ ಬರುತ್ತದೆ. ಉಚ್ಚೆ ಪರೀಕ್ಷೆ ಮಾಡಿಸಿ, ಕೊಟ್ಟ ಮಾತ್ರೆಯನ್ನು ಉರಿ ನಿಂತಿತೆಂದು ನಡುವೆ ಬಿಡದೆ ಪೂರ್ತಿ ನುಂಗಬೇಕೆಂದರು. ಎಲ್ಲರೂ ತಲೆಯಾಡಿಸಿದರು. ಡ್ರಮ್ಮಿನ ಕಡೆ ಮಾತ್ರ ಯಾರೂ ಹೋಗಲಿಲ್ಲ.

ಇಷ್ಟು ನೀರಿದ್ದೂ ಯಾಕೆ ಕುಡಿಯುವುದಿಲ್ಲ, ಕಾರಣ ಬರೆದು ಮ್ಯಾನೇಜರಿಗೆ ಕೊಡಬೇಕು ಎಂದು ಡಾಕ್ಟರಮ್ಮ ಪೆನ್ನು ತೆಗೆದರು.

ಸೂಪರ್‌ವೈಸರ್ ಕಾಲರಕ್ಕನ ಕಿವಿಯ ಹತ್ತಿರ ಬಗ್ಗಿದ.

"ಮನೇಲಿ ಖಾರ ಜಾಸ್ತಿ ತಿಂತೀನಿ, ಅದಕ್ಕೇ ಉರಿ ಅಂತ ಹೇಳು. ನಾಳೆ ಕೆಲಸಕ್ಕೆ ಬರೋ ಮನಸ್ಸಿದ್ರೆ."

ಮನಸ್ಸಿತ್ತು. ಕೆಲಸ ಬಿಟ್ಟರೆ ಒಲೆ ಉರಿಯುವುದಿಲ್ಲ ಎಂಬುದೂ ಗೊತ್ತಿತ್ತು. ಕಾಲರಕ್ಕ ಹೊಟ್ಟೆಯ ಕೆಳಭಾಗವನ್ನು ಅಂಗೈಯಿಂದ ಒತ್ತಿಕೊಂಡು ನೆಟ್ಟಗೆ ನಿಂತಳು.

"ನಾನು ಹೇಳಲ್ಲ ಸಾರ್," ಎಂದಳು, ಕೊನೆಯ ಮೆಷಿನ್ನಿಗೂ ಕೇಳುವಂತೆ. "ಬೀಗ ಹಾಕಿದವರು ನೀವು. ನೀವೇ ಹೇಳಿ."