ದುರುಗಕ್ಕ ಕೊಟ್ಟ ಡಬ್ಬಿ

ಜಗಳೂರಿನ ದುರುಗಕ್ಕನ ಬೆನ್ನ ಹಿಂದೆ ಅವಳ ಅಕ್ಕ ಓಬವ್ವ ಬಂದು ನಿಲ್ಲಲು ಶುರುಮಾಡಿ ಮೂರು ವರ್ಷವಾಯಿತು. ಸತ್ತವಳು ಹೇಗೆ ನಿಲ್ಲುತ್ತಾಳೆ ಎಂದು ಕೇಳಬೇಡಿ. ದಿನಾ ಬೆಳಿಗ್ಗೆ ದುರುಗಕ್ಕ ಬಚ್ಚಲಿಗೆ ಹೋದಾಗ ಊದಿದ ಮುಖ ಹೊತ್ತುಕೊಂಡು ನಿಲ್ಲುತ್ತಾಳೆ, ಅಷ್ಟೇ. ಬದುಕಿದ್ದಾಗ ಅವಳೊಮ್ಮೆ ಹೇಳಿದ್ದಳು: "ಒಂದಕ್ಕೆ ಹೋದ್ರೆ ಸೋಪಿನ ನೊರೆ ಬಂದಂಗೆ ಬರ್ತೈತೆ ಕಣೇ." ದುರುಗಕ್ಕ ನಕ್ಕಿದ್ದಳು. ಎಂಟು ತಿಂಗಳಲ್ಲಿ ಕಿಡ್ನಿ ಕೈಕೊಟ್ಟು ಅಕ್ಕ ಹೋದಳು. ಆ ನಗುವಿಗೆ ದುರುಗಕ್ಕ ಇಂದಿಗೂ ತನ್ನನ್ನು ತಾನು ಕ್ಷಮಿಸಿಲ್ಲ.

ಅಕ್ಕತಂಗಿ ಇಬ್ಬರಿಗೂ ಒಂದೇ ಕೀಲುಬೇನೆ. ಬೆಳಗಾದರೆ ಬೆರಳು ಸೆಟೆದುಕೊಂಡು ಲೋಟ ಹಿಡಿಯುವುದೂ ಕಷ್ಟ. ಆದರೆ ಗಂಡನಿಲ್ಲದ ದುರುಗಕ್ಕನ ಮನೆ ನಡೆಯುವುದು ಜೋಳದ ರೊಟ್ಟಿಯಿಂದ. ಹೋಟೆಲಿಗೆ ದಿನಾ ನೂರು ರೊಟ್ಟಿ ಬಡಿದು ಕೊಡಬೇಕು. ನೋವಿನ ಗುಳಿಗೆ ನುಂಗಿದರೆ ಬೆರಳು ಬಿಚ್ಚುತ್ತವೆ, ಇಲ್ಲದಿದ್ದರೆ ಇಲ್ಲ. ಈಗ ಅವಳಿಗೂ ನೊರೆ ಕಾಣಿಸಿಕೊಂಡಿತ್ತು. ಡಾಕ್ಟರು ಮೂತ್ರ ಪರೀಕ್ಷೆಗೆ ಬರೆದು ಒಂದು ಖಾಲಿ ಡಬ್ಬಿ ಕೊಟ್ಟರು. ನೊರೆ ಬರುವುದು ಗೊತ್ತಾದರೆ ಗುಳಿಗೆ ನಿಲ್ಲಿಸಿಬಿಡುತ್ತಾರೆ.

ಡಬ್ಬಿಯನ್ನು ಮಗಳು ಚೈತ್ರಶ್ರೀಯ ಕೈಗಿಟ್ಟಳು. "ನೀನೇ ತುಂಬಿಸಿ ಕೊಡು."

"ಬ್ಯಾಡವ್ವ, ಅದು ತಪ್ಪು."

"ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು. ನಿನ್ ಮದ್ವೆ ಆಗೋತನಕ ಈ ಕೈ ನಡೀಬೇಕು."

ಮಗಳಿಗೆ ನ್ಯಾಮತಿಯಲ್ಲಿ ಗಂಡು ಗೊತ್ತಾಗಿತ್ತು, ಮುಂದಿನ ತಿಂಗಳೇ ಲಗ್ನ. ಚೈತ್ರಶ್ರೀ ಡಬ್ಬಿಯನ್ನೇ ಒಂದಿಷ್ಟು ಹೊತ್ತು ನೋಡಿ ಬಚ್ಚಲಿಗೆ ಹೋದಳು.

ಎರಡು ದಿನ ಬಿಟ್ಟು ಅವ್ವ ಮಗಳು ಡಾಕ್ಟರ ಮುಂದೆ ಕೂತರು. ಆ ಕೋಣೆಗೆ ಬಾಗಿಲಿದ್ದೂ ಇಲ್ಲದ ಹಾಗೆ. ಚೀಟಿ ಹಿಡಿದವರೆಲ್ಲ ಹೊಸ್ತಿಲಲ್ಲೇ ನಿಂತು ಊರವರ ಕಾಯಿಲೆ ಕೇಳುತ್ತಿದ್ದರು. ಅವರಲ್ಲಿ ನ್ಯಾಮತಿ ಬೀಗರ ಹತ್ತಿರದ ನೆಂಟಳು ಸಾವಂತ್ರಮ್ಮನೂ ಇದ್ದಳು.

"ದುರುಗಕ್ಕ, ಮೂತ್ರದಲ್ಲಿ ಪ್ರೋಟೀನ್ ತುಂಬಾ ಹೋಗ್ತಿದೆ. ಈ ಬೇನೆ ಕೆಲವರಿಗೆ ಕಿಡ್ನಿಗೂ ಇಳಿಯುತ್ತೆ, ಅದರ ಮೇಲೆ ನೋವಿನ ಗುಳಿಗೆ ಬೇರೆ. ಈಗಲೇ ನಿಲ್ಲಿಸಿ ಸರಿಯಾದ ಔಷಧಿ ಶುರು ಮಾಡಿದರೆ ಉಳಿಸಿಕೋಬಹುದು. ತಡ ಮಾಡಬೇಡಿ" ಎಂದು ಡಾಕ್ಟರು ಚೀಟಿ ಬರೆಯತೊಡಗಿದರು.

ಡಬ್ಬಿ ತುಂಬಿಸಿದವಳು ಮಗಳಲ್ಲವೇ, ಪರೀಕ್ಷೆಯ ಮಿಷನ್ನೇ ಕೆಟ್ಟಿರಬೇಕು ಎಂದುಕೊಂಡು ದುರುಗಕ್ಕ ಮಗಳ ಕಡೆ ತಿರುಗಿದಳು. ಚೈತ್ರಶ್ರೀ ತಲೆ ತಗ್ಗಿಸಿ ಕೈಗಳನ್ನು ವೇಲಿನೊಳಗೆ ಮುಚ್ಚಿಕೊಂಡಿದ್ದಳು. ಅವ್ವ ಒಂದು ಕೈ ಹೊರಗೆಳೆದಳು. ಬೆರಳ ಗಿಣ್ಣುಗಳು ಊದಿದ್ದವು.

"ಯಾವಾಗಿಂದ?" ದುರುಗಕ್ಕ ಕೇಳಿದಳು.

"ವರ್ಷಾತು. ನಿನ್ ಗುಳಿಗೆನೇ ಕದ್ದು ನುಂಗ್ತಿದ್ದೆ." ಮಗಳು ಪಿಸುಗುಟ್ಟಿದಳು. "ಅದು ನಿಂದೇ ಅಂದ್ಬಿಡವ್ವ. ಸಾವಂತ್ರಮ್ಮ ನಿಂತಾಳೆ. ಇಂಥ ಕೈಯೋಳ್ನ ಯಾರು ಮಾಡ್ಕೊಂತಾರೆ? ಲಗ್ನ ಒಂದಾಗ್ಲಿ, ಆಮೇಲೆ ತೋರ್ಸಾನ."

ಒಂದೇ ತಿಂಗಳು. ಸುಮ್ಮನಿದ್ದರೆ ಮದುವೆ ಉಳಿಯುತ್ತದೆ. ದುರುಗಕ್ಕ ಹೂಂ ಅನ್ನುವುದರಲ್ಲಿದ್ದಳು. ಆಗ ಓಬವ್ವ ಬಂದಳು. ಈ ಸಲ ಅವಳು ತಂಗಿಯ ಬೆನ್ನ ಹಿಂದೆ ನಿಲ್ಲಲಿಲ್ಲ, ಹುಡುಗಿಯ ಕುರ್ಚಿಯ ಹಿಂದೆ ನಿಂತಳು.

"ಡಾಕ್ಟ್ರೇ, ಆ ಡಬ್ಬಿ ನಂದಲ್ಲ" ಎಂದಳು, ಹೊಸ್ತಿಲಿಗೂ ಕೇಳುವಷ್ಟು ಗಟ್ಟಿಯಾಗಿ. "ನನ್ ಮಗಳ್ದು. ನಂದು ಆಮೇಲೆ ನೋಡ್ರಿ, ಮೊದ್ಲು ಇವಳ್ನ ನೋಡ್ರಿ."

ಚೈತ್ರಶ್ರೀ ಕೈ ಕಿತ್ತುಕೊಂಡಳು. ದುರುಗಕ್ಕ ಮತ್ತೆ ಹಿಡಿಯಲು ಹೋದಳು, ಮಗಳು ಕೊಡಲಿಲ್ಲ.